ಮಂಡಿನೋವು ಯಾವ ಬಗೆಯದು? ನಡಿಗೆ ಹೇಳುತ್ತೆ!

ನಮ್ಮೂರಲ್ಲಿ ಯಾರಿಗೆ ಮಂಡಿ ನೋವು ಬಂದರೂ "ವಯಸ್ಸಾಯ್ತು, ವಾಯು ಹಿಡ್ಕೊಂಡಿದೆ" ಅಂತ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಆದರೆ ಮಂಡಿನೋವುಗಳೆಲ್ಲ ಒಂದೇ ಅಲ್ಲ.

ಹೆಚ್ಚು ಜನರಿಗೆ ಬರುವುದು ಕೀಲುಸವೆತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್. ಮೂಳೆಯ ತುದಿಯಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ಇದರಲ್ಲಿ ಸವೆಯುತ್ತದೆ. ಇನ್ನೊಂದು ರುಮಟಾಯ್ಡ್ ಆರ್ಥ್ರೈಟಿಸ್. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ಪಡೆಯೇ ಇದರಲ್ಲಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಇದಕ್ಕೆ ಮುದುಕರೇ ಆಗಬೇಕೆಂದಿಲ್ಲ, ಮೂವತ್ತು ನಲವತ್ತರ ಹೆಂಗಸರಿಗೂ ಬರುತ್ತೆ. ಬೇಗ ಔಷಧಿ ಶುರು ಮಾಡದಿದ್ದರೆ ಹಾಳಾದ ಕೀಲು ಮತ್ತೆ ಮೊದಲಿನಂತಾಗದು. ಬರೀ ಎಣ್ಣೆ ಹಚ್ಚಿಕೊಂಡು ವರ್ಷ ಕಳೆದರೆ ಕೆಟ್ಟಿತು!

ಈಗ ವಿಜ್ಞಾನಿಗಳು ನಡಿಗೆಯನ್ನು ಅಳೆದು ಇವನ್ನು ಗುರುತಿಸಲು ನೋಡುತ್ತಿದ್ದಾರೆ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಗಳನ್ನು ತೊಡೆಗೊಂದು, ಮಂಡಿಯ ಕೆಳಗೊಂದು ಪಟ್ಟಿಯಲ್ಲಿ ಕಟ್ಟುತ್ತಾರೆ. ಸೂಜಿ ಚುಚ್ಚುವುದಿಲ್ಲ, ಕೊಯ್ಯುವುದೂ ಇಲ್ಲ. ಒಳಗಿರುವ ಸೆನ್ಸರ್‌ಗಳಲ್ಲಿ ಒಂದು ವೇಗೋತ್ಕರ್ಷ ಅಳೆಯುತ್ತದೆ, ಇನ್ನೊಂದು ಕಾಲು ಎಷ್ಟು ಬೇಗ ತಿರುಗಿತು ಅಂತ ಹೇಳುತ್ತದೆ. ಮೊಬೈಲ್ ಅಡ್ಡ ಹಿಡಿದರೆ ಚಿತ್ರವೂ ತಿರುಗುತ್ತಲ್ಲ, ಅದೂ ಇಂಥ ಸೆನ್ಸರ್‌ನಿಂದಲೇ. ಸೆಕೆಂಡಿಗೆ 100 ಸಲ ಅಳೆಯುವುದು ಇವಕ್ಕೆ ಸಲೀಸು.

ಮೇಲಿನ ಪೆಟ್ಟಿಗೆಗೂ ಕೆಳಗಿನದಕ್ಕೂ ಇರುವ ವ್ಯತ್ಯಾಸದಿಂದ ಮಂಡಿ ಎಷ್ಟು ಮಡಚಿತು ಎಂದು ಲೆಕ್ಕ ಸಿಗುತ್ತದೆ. ಆರೋಗ್ಯವಂತರು ನಡೆಯುವಾಗ ಎತ್ತಿದ ಕಾಲಿನ ಮಂಡಿ ಸುಮಾರು 60 ಡಿಗ್ರಿ ಮಡಚುತ್ತದೆ. (ಕೋನಮಾಪಕದಲ್ಲಿ 60 ನೋಡಿಕೊಳ್ಳಿ.) ನೋವಿರುವವರು ಇಷ್ಟು ಮಡಚದೆ ಎಳೆದುಕೊಂಡು ನಡೆಯುತ್ತಾರೆ. ಮಂಡಿಯ ಒಳಬದಿ ಸವೆದ ಕೆಲವರಿಗೆ ಕಾಲೂರಿದ ಕೂಡಲೇ ಮಂಡಿ ಹೊರಕ್ಕೆ ಜಗ್ಗುತ್ತದೆ. ನಮ್ಮ ಕಣ್ಣಿಗೆ ತಪ್ಪಿದರೂ ಪೆಟ್ಟಿಗೆಗೆ ಅದು ಸಿಗುತ್ತದೆ.

ರುಮಟಾಯ್ಡ್‌ನಲ್ಲಿ ಮುಖ್ಯ ಸುಳಿವು ಬೆಳಗಿನ ಬಿಗಿತ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತೆ, ಇದರದ್ದು ಒಂದು ಗಂಟೆ ದಾಟಬಹುದು. ಸೆನ್ಸರ್ ಕಟ್ಟಿಕೊಂಡೇ ಇದ್ದರೆ ಕಾಲು ಎಷ್ಟು ಹೊತ್ತಿಗೆ ಸಲೀಸಾಯ್ತು ಅನ್ನೋದೂ ದಾಖಲಾಗುತ್ತೆ.

ಆದರೂ ಪೆಟ್ಟಿಗೆಯ ಮಾತೊಂದೇ ಸಾಲದು. ನಡಿಗೆ ನಿಧಾನವಾಗೋದು ಎರಡರಲ್ಲೂ ಉಂಟು. ಡಾಕ್ಟರು ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸಿಯೇ ತೀರ್ಮಾನ ಹೇಳುತ್ತಾರೆ.

ನಮ್ಮ ಹತ್ತಿರ ಸೆನ್ಸರ್ ಇಲ್ಲ, ಗಡಿಯಾರ ಇದೆ. ಮನೇಲಿ ಯಾರಿಗಾದರೂ ಮಂಡಿನೋವಿದ್ದರೆ ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು, ಕೈಬೆರಳ ಗೆಣ್ಣುಗಳೂ ಊದಿವೆಯಾ ಅಂತ ಒಂದು ವಾರ ಬರೆದಿಟ್ಟು ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ.