ಗುಂಯ್ ಅನ್ನೋದು ಯಾವಾಗ?

ಸದಾ ಗುಂಯ್‌ಗುಡುವ ಆಂಪ್ಲಿಫಯರ್ ನನಗೆ ತಲೆನೋವಲ್ಲ. ಅಂಥದ್ದು ಬೇಗ ಸಿಕ್ಕಿಬೀಳುತ್ತದೆ. ಒಮ್ಮೆ ಬಂದು ಒಮ್ಮೆ ಮಾಯವಾಗುವ ಸದ್ದೇ ಕಾಡಿಸುವುದು. ಅಣ್ಣಿಗೇರಿಯ ನನ್ನ ರಿಪೇರಿ ಅಂಗಡಿಗೆ ರಸಮಂಜರಿ ತಂಡದ ಹುಡುಗರು ಬೇಸ್ ಗಿಟಾರಿನ ಆಂಪ್ಲಿಫಯರ್ ಹೊತ್ತು ತಂದರೆ, ಟೇಬಲ್ಲಿನ ಮೇಲೆ ಅದು ತುಟಿಪಿಟಕ್ ಅನ್ನುವುದಿಲ್ಲ.

‘ಜಾತ್ರ್ಯಾಗ ಹೊಯ್ಕೊಳ್ತಿತ್ರಿ ಅಣ್ಣಾರ, ಇಲ್ಲಿ ನೋಡ್ರಿ, ಸುಮ್ಕ ಕುಂತೈತಿ.’

‘ಕುಂದರ್ಲಿ ಬಿಡಪಾ. ಅಲ್ಲಿ ಬಾಜೂಕ ಏನೇನ್ ಚಾಲೂ ಇತ್ತು, ಅದನ್ನ ಹೇಳು.’

ಸ್ಕ್ರೂಡ್ರೈವರ್‌ಗಿಂತ ಮೊದಲು ಕಿವಿ ಬೇಕು. ನಮ್ಮ ಕರೆಂಟಿನದು 50 ಹರ್ಟ್ಸ್. ಅದನ್ನು ಡಿ.ಸಿ. ಮಾಡಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಅದನ್ನು ಸಪಾಟು ಮಾಡುವುದು ಕಂಡೆನ್ಸರ್‌ಗಳ ಕೆಲಸ. ಬೇಸ್ ಗಿಟಾರಿನ ತೆಳ್ಳನೆಯ ಜಿ ತಂತಿಯನ್ನು ಬೆರಳೊತ್ತದೆ ಮೀಟಿದರೆ 98 ಹರ್ಟ್ಸ್. ಗುಂಯ್ ಸದ್ದು ಹೆಚ್ಚುಕಡಿಮೆ ಅದೇ ಸ್ವರದಲ್ಲಿದ್ದರೆ ನನ್ನ ಮೊದಲ ಅನುಮಾನ ಸೊರಗಿದ ಕಂಡೆನ್ಸರ್ ಮೇಲೆ. 55 ಹರ್ಟ್ಸಿನ ಎ ತಂತಿಗಿಂತ ತುಸು ಕೆಳಗಿದ್ದರೆ ವೈರು, ತಂತಿಯ ಕಂಪನ ಹಿಡಿಯುವ ಪಿಕಪ್, ಅರ್ಥಿಂಗ್ ಕಡೆ ನೋಡುತ್ತೇನೆ.

ಆಮೇಲೆ ಗಿಟಾರಿನ ವೈರು ಕೀಳುವುದು. ಸದ್ದು ನಿಂತಿತೇ? ಆಂಪ್ಲಿಫಯರ್ ಬಹುಶಃ ನಿರಪರಾಧಿ. ವೈರಿನ ಪಿನ್ ಹತ್ತಿರ ಬಳುಕಿಸಿ ನೋಡಿ, ಮುರಿಯುವುದು ಅಲ್ಲೇ. ಗಿಟಾರ್ ಹಿಡಿದವನು ಅತ್ತಿತ್ತ ತಿರುಗಿದಾಗ ಸದ್ದು ಏರಿಳಿದರೆ ಅದು ಒಂಟಿ ಸುರುಳಿಯ ಪಿಕಪ್ಪಿನ ಸ್ವಭಾವ. ಇದಕ್ಕೇ ಫೆಂಡರ್ ಕಂಪನಿ 1957ರಲ್ಲಿ ತನ್ನ ಪ್ರಿಸಿಷನ್ ಬೇಸ್‌ಗೆ ಎರಡು ಹೋಳಿನ ಪಿಕಪ್ ಕೂಡಿಸಿತು. ಒಂದರ ಗುಂಯ್ ಇನ್ನೊಂದು ಅಳಿಸುತ್ತದೆ. ಒಂದೇ ಸ್ವರಕ್ಕೆ ಮಾತ್ರ ಝರ್ ಅಂದರೆ ಕರೆಂಟನ್ನು ಬೈಯಬೇಡಿ, ಸ್ಪೀಕರ್ ಪೆಟ್ಟಿಗೆಯ ಸಡಿಲ ಸ್ಕ್ರೂ ಬಿಗಿ ಮಾಡಿ.

ನಮ್ಮೂರಿನದೇ ಒಂದು ತಕರಾರಿದೆ: ಎರೆಮಣ್ಣು. ಮಳೆಗಾಲದಲ್ಲಿ ಅರ್ಥಿಂಗ್ ಪೈಪನ್ನು ಗಟ್ಟಿಯಾಗಿ ಅಪ್ಪಿಕೊಳ್ಳುವ ಈ ಮಣ್ಣು ಬೇಸಿಗೆಗೆ ಒಣಗಿ, ಬಿರುಕು ಬಿಟ್ಟು, ಪೈಪಿನಿಂದ ದೂರ ಸರಿಯುತ್ತದೆ. ಸೋರುವ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇಕ್ಕಟ್ಟಾಗುತ್ತದೆ. ಅದೇ ಲೈನಿನಲ್ಲಿ ಸೀರಿಯಲ್ ಸೆಟ್, ಫ್ಯಾನ್ ರೆಗ್ಯುಲೇಟರ್ ಇದ್ದರಂತೂ ಗಣಪತಿ ಹಬ್ಬದಲ್ಲಿ ತೆಪ್ಪಗಿದ್ದ ಪೆಟ್ಟಿಗೆ ಬೇಸಿಗೆಯ ಮದುವೆಯಲ್ಲಿ ಝರ್ ಅನ್ನಬಹುದು. ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ಆಂಪ್ಲಿಫಯರ್, ಕೀಬೋರ್ಡ್, ಮಿಕ್ಸರ್ ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟು ಕೊಡಿ. ಕೆಲವರು ಗುಂಯ್ ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕತ್ತರಿಸುತ್ತಾರೆ. ಇದು ಶುದ್ಧ ಹುಚ್ಚುತನ. ತಂತಿಯ ಮೇಲೆ ಬೆರಳು, ಮೈಕಿಗೆ ತುಟಿ; ನಡುವೆ ಕರೆಂಟು ಹರಿದರೆ ಜೀವ ಹೋಗುತ್ತದೆ.

ಅರ್ಧ ತಾಸು ಬಾರಿಸಿ ಕಾದ ಮೇಲಷ್ಟೇ ಸದ್ದು ಬಂದರೆ ಬೆಸುಗೆ ಬಿರಿದಿರಬೇಕು. ಬಿಸಿಗೆ ಹಿಗ್ಗಿ ಬಾಯಿಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಆಗ ಪೆಟ್ಟಿಗೆ ಬಿಚ್ಚಿ, ಒಣ ಕಟ್ಟಿಗೆಯ ಕಡ್ಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತೇನೆ. ಯಾವುದನ್ನು ತಟ್ಟಿದಾಗ ಝರ್ ಅನ್ನುತ್ತದೋ ಅಲ್ಲಿ ಹೊಸ ಬೆಸುಗೆ. ಇದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಒಳಗೆ ಕರೆಂಟು ಉಳಿದಿರುತ್ತದೆ.