ಹಾಜರಿ ವಹಿಯಲ್ಲಿ ಹೆಸರಿಲ್ಲದ ಹೆಣ್ಣಾಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಿಂದ ಮುಂಬೈ, ಪುಣೆಗೆ ಗುಳೆ ಹೋಗುವುದನ್ನು ಬರಗಾಲದ ಕಥೆಯಾಗಿ ಹೇಳುವುದೇ ರೂಢಿ. 1972ರ ಬರ ಜನರನ್ನು ಊರು ಬಿಡಿಸಿದ್ದು ನಿಜ. ಆದರೆ ಮಳೆ ಚೆನ್ನಾಗಿ ಬಂದ ವರ್ಷವೂ ಲಂಬಾಣಿ ತಾಂಡಾದ ಮನೆಗಳಿಗೆ ಬೀಗ ಬೀಳುತ್ತದಲ್ಲ, ಅದಕ್ಕೆ ಬರ ಉತ್ತರವಾಗಲಾರದು. ಕಾರಣ ಬೆಳೆಯಲ್ಲೇ ಇದೆ. ಮಳೆ ನಂಬಿದ ತೊಗರಿ ಇಲ್ಲಿನ ಮುಖ್ಯ ಬೆಳೆ. ಮುಂಗಾರಿಗೆ ಬಿತ್ತಿ, ಕಳೆ ತೆಗೆದು, ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡಿದರೆ ಮುಂದಿನ ಮುಂಗಾರಿನವರೆಗೆ ಹೊಲದಲ್ಲಿ ಕೂಲಿ ಸಿಗುವುದು ಕಷ್ಟ. ಕಳೆನಾಶಕವೂ ರಾಶಿ ಯಂತ್ರವೂ ಬಂದ ಮೇಲೆ ಮೊದಲು ಖಾಲಿಯಾದದ್ದು ಹೆಂಗಸರ ಕೈ. ಕಳೆ, ಕೊಯ್ಲು ಅವರದೇ ಕೆಲಸವಾಗಿತ್ತು. ಅತ್ತ ಸೊಲ್ಲಾಪುರ, ಕಲಬುರಗಿ ಹಾಯ್ದು ಮುಂಬೈಯನ್ನು ರಾಯಚೂರಿಗೆ ಜೋಡಿಸಿದ ರೈಲು ಹಳಿ 1871ರಲ್ಲೇ ಸಿದ್ಧವಾಗಿತ್ತು. ಹಿಂದೆ ನಿಜಾಮರ ಕೈಯಲ್ಲಿದ್ದ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ದುಡಿಮೆಯ ದಾರಿ ರಾಜ್ಯದ ಗಡಿಗಿಂತ ಹಳೆಯದು.

ಈ ದಾರಿಯಲ್ಲಿ ಹೆಂಗಸು ಗಂಡನ ಹಿಂದೆ ಹೋದವಳು ಎಂದು ದಾಖಲೆಗಳು ಹೇಳುತ್ತವೆ. ಅದು ಅರ್ಧಸತ್ಯ. ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಡುವುದು ಸಾಮಾನ್ಯವಾಗಿ ಗಂಡಸಿನ ಕೈಗೆ, ಆದರೆ ಮೇಸ್ತ್ರಿಗೆ ಬೇಕಿರುವುದು ಜೋಡಿ. ಮಹಾರಾಷ್ಟ್ರದ ಕಬ್ಬು ಕಡಿಯುವ ಕೆಲಸದಲ್ಲಂತೂ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಅವಳಿಲ್ಲದಿದ್ದರೆ ಮುಂಗಡವೇ ಹುಟ್ಟದು ಎಂದ ಮೇಲೆ ಅವಳು ಹಿಂದೆ ಹೋದವಳು ಹೇಗಾದಳು? ಜನಗಣತಿ ವಲಸೆಗೆ ಒಬ್ಬರಿಂದ ಒಂದೇ ಕಾರಣ ಬರೆದುಕೊಳ್ಳುತ್ತದೆ. ಹೆಂಗಸರಲ್ಲಿ ಬಹುಪಾಲು ‘ಮದುವೆ’, ಇಲ್ಲವೇ ‘ಕುಟುಂಬದೊಂದಿಗೆ’. 2011ರ ಎಣಿಕೆ ನಡೆದದ್ದೂ ಫೆಬ್ರುವರಿ 9ರಿಂದ 28ರವರೆಗೆ, ಗುಳೆ ಹೋದವರು ಊರಲ್ಲಿಲ್ಲದ ಹೊತ್ತಿನಲ್ಲಿ! ಇದಕ್ಕೆ ಹೋಲಿಸಿದರೆ, ಸಮುದ್ರ ದಾಟಿ ಅಮೆರಿಕಕ್ಕೆ ಹೋದ ಜರ್ಮನ್ ಹೆಂಗಸಿನ ಬದುಕನ್ನು ಇತಿಹಾಸಕಾರರು ಇಂದು ಹುಡುಕಬಲ್ಲರು. ಹಡಗಿನಲ್ಲಿ ಬಂದ ಪ್ರತಿಯೊಬ್ಬರ ವಯಸ್ಸು, ಲಿಂಗ, ವೃತ್ತಿ ಬರೆಯಬೇಕೆಂದು ಅಲ್ಲಿನ 1819ರ ಕಾಯ್ದೆ ಹೇಳಿತ್ತು. ವೃತ್ತಿಯ ಜಾಗ ಹಲವು ಸಲ ಖಾಲಿ ಉಳಿದರೂ ಹೆಸರಂತೂ ಸಿಗುತ್ತದೆ. ಆಳಂದದಿಂದ ಟೆಂಪೊ ಹತ್ತಿದವಳಿಗೆ ಅಷ್ಟೂ ಇಲ್ಲ.

ಊರಲ್ಲೇ ಉದ್ಯೋಗ ಖಾತ್ರಿ ಇತ್ತಲ್ಲ, ಮತ್ತೇಕೆ ಹೋಗಬೇಕು ಎಂಬ ಪ್ರಶ್ನೆ ಸಹಜ. ಆಗಿನ ಗುಲಬರ್ಗಾ ಜಿಲ್ಲೆಗೆ ಆ ಯೋಜನೆ 2006ರ ಮೊದಲ ಹಂತದಲ್ಲೇ ಬಂತು. ಗಂಡು ಹೆಣ್ಣಿಗೆ ಸಮಾನ ಕೂಲಿ ಎಂಬುದು ಅದರ ದೊಡ್ಡ ಗುಣ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಕೊಟ್ಟ ಭರವಸೆ ಇಡೀ ಮನೆಗೆ ವರ್ಷಕ್ಕೆ 100 ದಿನ. ಮುಂಗಡದ ಸಾಲ ಹರಿಯಲು ಅಷ್ಟು ಸಾಲದು. ನೀರಾವರಿ, ಸಕ್ಕರೆ ಕಾರ್ಖಾನೆ ಬಂದಿವೆ ಎನ್ನುವವರೂ ಇದ್ದಾರೆ. ಅಫಜಲಪುರದ ಹವಳಗಾದಲ್ಲಿ ಕಾರ್ಖಾನೆ ಇದೆ, ಸೊನ್ನದಲ್ಲಿ ಭೀಮೆಗೆ ಬ್ಯಾರೇಜ್ ಇದೆ. ನೀರು ಹೊಲವಿದ್ದವರಿಗೆ ದಕ್ಕಿತು, ಹೊಲವಿಲ್ಲದ ಮನೆಗೆ ಏನು ಬಂತು? ಹಿಂದುಳಿಕೆ ಇಲ್ಲಿ ಹೊಸದೂ ಅಲ್ಲ: 2002ರಲ್ಲಿ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ಎಣಿಕೆ ತಪ್ಪಿದರೆ ಆಗುವ ನಷ್ಟ ಬರೀ ಲೆಕ್ಕದ್ದಲ್ಲ. ಮುಂಬೈ, ಪುಣೆಯ ಕಟ್ಟಡ ಕೆಲಸವನ್ನೇ ನೋಡಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ತಂದ ನಿಯಮದಂತೆ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಇಟ್ಟಿಗೆ, ಮರಳು ಹೊತ್ತದ್ದು ಅವಳೇ, ಆದರೆ ಹಾಜರಿ ಗಂಡನ ಹೆಸರಲ್ಲಿದ್ದರೆ ಆ 90 ದಿನಕ್ಕೆ ಪುರಾವೆ ಎಲ್ಲಿಂದ ತರುವುದು? ಹೆರಿಗೆಯ ನೆರವು, ಪಿಂಚಣಿ ಎಲ್ಲವೂ ಆ ನೋಂದಣಿಗೆ ಅಂಟಿಕೊಂಡಿವೆ. ಹೆಣ್ಣಾಳಿನ ಹಾಜರಿಯನ್ನು ಬೇರೆ ಸಾಲಿನಲ್ಲಿ ಬರೆಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಮೇಸ್ತ್ರಿಯ ವಹಿಯನ್ನು ಕಾರ್ಮಿಕ ಇಲಾಖೆಯವರು ತೆರೆದು ನೋಡಿದರೂ ಸಾಕು.