ಹಸುಳೆಯ ಕೊರಳೂ ಮುಂದಿನ ಆಸನವೂ

ಬಾಗಲಕೋಟೆಯಿಂದ ಹುನಗುಂದಕ್ಕೂ ಹುನಗುಂದದಿಂದ ಬಾಗಲಕೋಟೆಗೂ ಓಡಾಡುವ ಕಾರುಗಳಲ್ಲಿ, ಅಮೀನಗಡದ ಕರದಂಟಿನ ಅಂಗಡಿಗಳ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಹೋಗುವಂಥವು ಬಹಳ ವಿರಳ. ಐಹೊಳೆಯ ದೇಗುಲಗಳನ್ನು ಕಂಡು ಹಿಂದಿರುಗುವವರು, ಕೂಡಲಸಂಗಮಕ್ಕೆ ಹೊರಟವರು, ಮದುವೆಯ ಸೀರೆಗಾಗಿ ಇಳಕಲ್ಲಿನ ದಾರಿ ಹಿಡಿದವರು, ಎಲ್ಲರೂ ಅಲ್ಲಿ ಇಳಿದು, ಅಂಟು, ಬೆಲ್ಲ, ಉತ್ತತ್ತಿ, ಗೋಡಂಬಿಗಳ ಆ ಮಧುರ ಸಂಯೋಗವನ್ನು ಡಬ್ಬಿಗಟ್ಟಿಸಿಕೊಂಡೇ ಮುಂದುವರಿಯುತ್ತಾರೆ. ಬನದ ಹುಣ್ಣಿಮೆಯ ದಿನಗಳಲ್ಲಿ ನಾನೂ ಅಂಥದೊಂದು ಅಂಗಡಿಯ ಮುಂದೆ ನಿಂತಿದ್ದಾಗ, ಬನಶಂಕರಿಯ ಜಾತ್ರೆಗೆ ಹೊರಟಿದ್ದ ಒಂದು ಕುಟುಂಬದ ಕಾರು ಬಂದು ನಿಂತಿತು. ಚಾಲಕನ ಪಕ್ಕದ ಆಸನದಲ್ಲಿ ಎಪ್ಪತ್ತರ ಸಮೀಪದ ಹಿರಿಯರೊಬ್ಬರು, ಅವರ ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗ, ಇಬ್ಬರನ್ನೂ ಬಳಸಿಕೊಂಡಂತೆ ಒಂದೇ ಸೀಟ್ ಬೆಲ್ಟು. ನಾನು ಬಹುಕಾಲ ವಿಜ್ಞಾನ ಕಲಿಸಿದವನೆಂಬುದನ್ನು ಯಾರಿಂದಲೋ ಅರಿತಿದ್ದ ಆ ಹಿರಿಯರು ಕೆಳಗಿಳಿದವರೇ ಕೇಳಿದರು: "ಅಲ್ರೀ ಸರ, ಕೂಸಿನ್ನ ಮುಂದ ಕುಂದ್ರಿಸಿಕೊಂಡ್ರ ದಂಡಾ ಹಾಕ್ತಾರಂತ, ಖರೇ ಏನ್ರಿ? ನಾ ಗಟ್ಟಿ ಹಿಡ್ಕೊಂಡ ಇರ್ತೇನಲ್ಲ?"

ಡಬ್ಬಿ ಕಟ್ಟುವಷ್ಟು ಹೊತ್ತಿನಲ್ಲಿ ಹೇಳಬಹುದಾದುದನ್ನು ಅಂದು ಹೇಳಿದೆನು. ಆ ಪ್ರಶ್ನೆಗೆ ಸಲ್ಲಬೇಕಾದ ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಂಡದ ವಿಷಯ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದಾಗ 194-ಬಿ ಎಂಬ ಹೊಸ ಕಲಮೊಂದು ಸೇರಿತು. ಅದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ, ಮಕ್ಕಳಿಗೆಂದೇ ರಚಿತವಾದ ಸುರಕ್ಷಾ ಆಸನದಿಂದಾಗಲಿ ಬಂಧಿಸದೆ ವಾಹನವನ್ನು ನಡೆಸುವವನಿಗೂ, ಹಾಗೆ ನಡೆಸಲು ಆಸ್ಪದ ಕೊಡುವವನಿಗೂ ಒಂದು ಸಾವಿರ ರೂಪಾಯಿ ದಂಡವೆಂದು ಆ ಕಲಮು ವಿಧಿಸುತ್ತದೆ. ಓದುಗರು ಗಮನಿಸಬೇಕಾದ ಅಂಶವೆಂದರೆ, ಮುಂದಿನ ಆಸನ ಹಿಂದಿನ ಆಸನಗಳೆಂಬ ಭೇದವನ್ನು ಈ ಕಲಮು ಎಣಿಸಿಲ್ಲ. ಫ್ರಾನ್ಸಿನಲ್ಲಿ 10 ವರ್ಷದೊಳಗಿನ ಮಗುವಿಗೆ ಮುಂದಿನ ಆಸನವೇ ಸಾಮಾನ್ಯವಾಗಿ ನಿಷಿದ್ಧ; ನಮ್ಮ ಕಲಮು ಅಷ್ಟು ದೂರ ಹೋಗಿಲ್ಲ. ಆದರೆ ಅಜ್ಜನ ತೊಡೆಯು, ಅದೆಷ್ಟೇ ವಾತ್ಸಲ್ಯಪೂರ್ಣವಾದುದಾಗಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಸೀಟ್ ಬೆಲ್ಟೂ ಅಲ್ಲ, ಸುರಕ್ಷಾ ಆಸನವೂ ಅಲ್ಲ. ಆದ್ದರಿಂದ ದಂಡ ಉಂಟು. ಕಾನೂನಿನ ಮಾತು ಇಷ್ಟಕ್ಕೆ ಮುಗಿಯಿತು. ನನ್ನನ್ನು ಬಹುಕಾಲ ಕಾಡಿದ್ದು ಅವರ ಪ್ರಶ್ನೆಯ ಉತ್ತರಾರ್ಧ, ಆ "ಗಟ್ಟಿ ಹಿಡ್ಕೊಂಡ ಇರ್ತೇನೆ" ಎಂಬ ಭರವಸೆ.

ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ನಮ್ಮ ದಾರಿಗಳಲ್ಲಿ ಯಾರೂ ವೇಗವೆಂದು ಕರೆಯರು. ಆ ವೇಗದಲ್ಲಿ ಸಾಗುತ್ತಿರುವ ಕಾರು ಬೇವಿನ ಮರಕ್ಕೋ ನಿಂತ ಲಾರಿಗೋ ಢಿಕ್ಕಿ ಹೊಡೆದು, ಅದರ ಮೂತಿ ಸುಮಾರು 60 ಸೆಂಟಿಮೀಟರಿನಷ್ಟು ನಜ್ಜುಗುಜ್ಜಾಗಿ ನಿಂತಿತೆಂದು ಭಾವಿಸೋಣ. ಸೆಕೆಂಡಿಗೆ 14 ಮೀಟರಿನಷ್ಟಿದ್ದ ವೇಗವು ಸೆಕೆಂಡಿನ ಹನ್ನೆರಡರಲ್ಲೊಂದು ಭಾಗದಷ್ಟು ಕಾಲದಲ್ಲಿ ಶೂನ್ಯವಾಗುತ್ತದೆ. ಲೆಕ್ಕ ಹಾಕಿದರೆ, ಆ ಅವಧಿಯುದ್ದಕ್ಕೂ ಕಾರಿನೊಳಗಿನ ಪ್ರತಿಯೊಂದು ವಸ್ತುವೂ ತನ್ನ ಸಹಜ ತೂಕದ ಹದಿನಾರು ಮಡಿ ಭಾರದಿಂದ ಮುಂದಕ್ಕೆ ನುಗ್ಗುತ್ತದೆ. 14 ಕಿಲೋ ತೂಗುವ ಮೊಮ್ಮಗ ಆಗ 225 ಕಿಲೋ ಆಗುತ್ತಾನೆ, ಎಂದರೆ ಎರಡು ಚೀಲ ಜೋಳಕ್ಕಿಂತಲೂ ಹೆಚ್ಚು. ಆ ಎರಡು ಚೀಲಗಳನ್ನು ತೋಳುಗಳಿಂದ ತಡೆದು ನಿಲ್ಲಿಸಬೇಕಾಗಿರುವುದು ಎಪ್ಪತ್ತರ ವೃದ್ಧರು. ಸಂತೆಯ ಹಮಾಲಿಯ ತರುಣನಿಂದಲೂ ಅದು ಅಸಾಧ್ಯವೆಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಬೆಲ್ಟನ್ನು ಇಬ್ಬರಿಗೂ ಬಳಸಿದ್ದರೆ ಸ್ಥಿತಿ ಇನ್ನೂ ದಾರುಣ: 70 ಕಿಲೋದ ಅಜ್ಜನ ದೇಹವು ಹನ್ನೊಂದು ಕ್ವಿಂಟಲಿನ ಭಾರವಾಗಿ ಹಿಂದಿನಿಂದ ಒತ್ತುವಾಗ, ಮುಂದಿನಿಂದ ಬೆಲ್ಟು ಒಂದಿಂಚೂ ಕದಲದೆ ಬಿಗಿದಿರುವಾಗ, ಅವೆರಡರ ನಡುವೆ ಸಿಕ್ಕಿರುವುದು ಮಗುವಿನ ಎದೆಗೂಡು. ರಕ್ಷಣೆಗೆಂದು ಅಪ್ಪಿಕೊಂಡ ದೇಹವೇ ಗಾಣದ ಒನಕೆಯಾಗುತ್ತದೆ.

ಈ ಭ್ರಮೆ ನಮ್ಮದು ಮಾತ್ರವಲ್ಲ. ಅಮೆರಿಕದ ಟೆನೆಸೀ ಪ್ರಾಂತ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಹಲವು ವರ್ಷ ಹೋರಾಡಿ, ಸಣ್ಣ ಮಕ್ಕಳನ್ನು ಸುರಕ್ಷಾ ಆಸನದಲ್ಲಿಯೇ ಒಯ್ಯಬೇಕೆಂಬ ಕಾನೂನನ್ನು 1977ರಲ್ಲಿ ಮಾಡಿಸಿದರು; 1978ರ ಜನವರಿ 1ರಿಂದ ಅದು ಜಾರಿಯಾಯಿತು. ಇಡೀ ದೇಶದಲ್ಲಿ ಅಂಥ ಮೊದಲ ಕಾನೂನು ಅದು. ಆದರೆ ಅದನ್ನು ಅಂಗೀಕರಿಸುವ ಹೊತ್ತಿಗೆ ಶಾಸಕರು ಒಂದು ವಿನಾಯಿತಿಯನ್ನು ಸೇರಿಸಿಬಿಟ್ಟರು: ಹಿರಿಯರ ತೋಳುಗಳಲ್ಲಿ ಮಗುವಿದ್ದರೆ ಆಸನ ಬೇಡ. ತಾಯಿಯ ತೋಳಿಗಿಂತ ಭದ್ರವಾದ ತಾಣ ಯಾವುದೆಂಬ ಸದ್ಭಾವನೆಯೇ ಆ ವಿನಾಯಿತಿಯ ಹಿಂದೆ ಇದ್ದುದು. ಸ್ಯಾಂಡರ್ಸರ ಕಡೆಯವರು ಅದಕ್ಕೆ ಶಿಶುವನ್ನು ಜಜ್ಜುವ ತಿದ್ದುಪಡಿಯೆಂದೇ ಹೆಸರಿಟ್ಟರು. 1981ರಲ್ಲಿ ಅದನ್ನು ತೆಗೆಸಿದ ಮೇಲೆಯೇ ಅವರಿಗೆ ಸಮಾಧಾನವಾದುದು. 1985ರ ಹೊತ್ತಿಗೆ ಅಮೆರಿಕದ ಎಲ್ಲ ಪ್ರಾಂತ್ಯಗಳಲ್ಲಿಯೂ ಇಂಥ ಕಾನೂನು ನೆಲೆಗೊಂಡಿತು.

ಈಗ ಏರ್‌ಬ್ಯಾಗಿನ ಕಥೆಗೆ ಬರುತ್ತೇನೆ. ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. 1952ರ ವಸಂತದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸೀಮೆಯ ಜಾನ್ ಹೆಟ್ರಿಕ್ ಎಂಬಾತನು ತನ್ನ ಪತ್ನಿಯನ್ನೂ ಏಳು ವರ್ಷದ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಭಾನುವಾರದ ವಿಹಾರಕ್ಕೆ ಹೊರಟಿದ್ದನು. ಅಂದಿನ ಕಾರುಗಳ ಮುಂದಿನ ಆಸನವು ಒಂದೇ ಉದ್ದನೆಯ ಬೆಂಚು. ಮಗಳು ತಂದೆತಾಯಿಗಳ ನಡುವೆ ಕುಳಿತಿದ್ದಳು. ರಸ್ತೆಯ ಮೇಲೊಂದು ದೊಡ್ಡ ಬಂಡೆ ಕಂಡು, ಅದನ್ನು ತಪ್ಪಿಸಲೆಂದು ಹೊರಳಿಸಿದ ಕಾರು ಚರಂಡಿಗೆ ಇಳಿಯಿತು. ಆ ಕ್ಷಣದಲ್ಲಿ ಗಂಡಹೆಂಡಿರಿಬ್ಬರೂ, ಒಬ್ಬರಿಗೊಬ್ಬರು ಹೇಳದೆಯೇ, ಮಗಳು ಮುಂದಕ್ಕೆ ಬೀಳದಂತೆ ತಮ್ಮ ಕೈಗಳನ್ನು ಅಡ್ಡ ಚಾಚಿದರು. ಯಾರಿಗೂ ಪೆಟ್ಟಾಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಹೆಟ್ರಿಕ್ಕನಿಗೆ ಒಂದೇ ಯೋಚನೆ: ನಾವು ಚಾಚಿದ ಆ ಕೈಗಳ ಬದಲಿಗೆ, ಸರಿಯಾದ ಗಳಿಗೆಯಲ್ಲಿ ತಾನಾಗಿ ಚಾಚಿಕೊಳ್ಳುವ ಒಂದು ಮೆತ್ತನೆಯ ವಸ್ತುವು ಅಲ್ಲಿರಬಾರದೇಕೆ? ಹಿಂದೆ ನೌಕಾದಳದಲ್ಲಿದ್ದಾಗ, ದುರಸ್ತಿಗೆ ಬಂದಿದ್ದ ಟಾರ್ಪಿಡೋ ಒಂದರೊಳಗಿನ ಒತ್ತಿದ ಗಾಳಿಯು ಅಕಸ್ಮಾತ್ತಾಗಿ ಹೊರಹೊಮ್ಮಿ, ಮೇಲೆ ಹೊದಿಸಿದ್ದ ಕ್ಯಾನ್ವಾಸು ಕಣ್ಣೆವೆಯಿಕ್ಕುವಷ್ಟರಲ್ಲಿ ಸೂರಿನತ್ತ ಹಾರಿದ್ದನ್ನು ಆತ ಕಂಡಿದ್ದನು. ಆ ನೆನಪೂ ಈ ಯೋಚನೆಯೂ ಸೇರಿ, 1953ರ ಆಗಸ್ಟ್ 18ರಂದು ಆತನಿಗೆ ಏರ್‌ಬ್ಯಾಗಿನ ಪೇಟೆಂಟು ದೊರೆಯಿತು. ಅದೇ ಕಾಲಕ್ಕೆ ಜರ್ಮನಿಯಲ್ಲಿ ವಾಲ್ಟರ್ ಲಿಂಡರರ್ ಎಂಬವನೂ ಇದೇ ಜಾಡಿನಲ್ಲಿದ್ದನು. ಆದರೆ ಒತ್ತಿದ ಗಾಳಿಯು ಚೀಲವನ್ನು ತುಂಬುವಷ್ಟರಲ್ಲಿ ಅಪಘಾತವೇ ಮುಗಿದಿರುತ್ತಿತ್ತು. ಆಘಾತವನ್ನು ತತ್‌ಕ್ಷಣ ಗ್ರಹಿಸುವ ಸಾಧನವನ್ನು ಆಲನ್ ಬ್ರೀಡ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಮೇಲೆ, ಗಾಳಿಯ ಬದಲು ರಾಸಾಯನಿಕದ ಸ್ಫೋಟಸದೃಶ ದಹನದಿಂದ ಅನಿಲವನ್ನು ಉತ್ಪಾದಿಸುವ ಉಪಾಯ ಕೈಗೂಡಿದ ಮೇಲೆ ಮಾತ್ರ, ಅದು ಕಾರಿನೊಳಗೆ ಬಂದಿತು. ಅಷ್ಟರಲ್ಲಿ ಹೆಟ್ರಿಕ್ಕನ ಪೇಟೆಂಟಿನ ಅವಧಿ ತೀರಿಹೋಗಿತ್ತು. ಆತನಿಗೆ ಅದರಿಂದ ಬಿಡಿಗಾಸೂ ದೊರೆಯಲಿಲ್ಲ.

ಮಗುವಿನ ಮುಂದೆ ಚಾಚಿದ ಕೈಯಾಗಿ ಹುಟ್ಟಿದ ಈ ಯಂತ್ರವು, ಬೆಳೆದ ಮೇಲೆ, ಮಕ್ಕಳಿಗೇ ಮಾರಕವಾಗಿ ಪರಿಣಮಿಸಿದುದು ವಿಜ್ಞಾನದ ಇತಿಹಾಸದ ದೊಡ್ಡ ದುಃಖಗಳಲ್ಲೊಂದು. ಏರ್‌ಬ್ಯಾಗು ಮೆತ್ತನೆಯ ದಿಂಬೆಂದು ಜನ ತಿಳಿದಿದ್ದಾರೆ. ಪೂರ್ತಿ ಉಬ್ಬಿದ ಮೇಲೆ ಅದು ದಿಂಬೇ ಸರಿ. ಉಬ್ಬುತ್ತಿರುವಾಗ ಅದು ಗುದ್ದು. ಸೆಕೆಂಡಿನ ಮೂವತ್ತರಲ್ಲೊಂದು ಭಾಗದಷ್ಟು ಅವಧಿಯಲ್ಲಿ, ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಅದು ಡ್ಯಾಶ್‌ಬೋರ್ಡಿನಿಂದ ಸಿಡಿದು ಬರುತ್ತದೆ. ಬೆಲ್ಟು ಧರಿಸಿ ಹಿಂದಕ್ಕೆ ಒರಗಿ ಕುಳಿತ ವಯಸ್ಕನ ಎದೆಗೆ ತಲಪುವ ವೇಳೆಗೆ ಅದರ ಉಗ್ರತೆ ಮುಗಿದಿರುತ್ತದೆ. ತೊಡೆಯ ಮೇಲಿನ ಮಗುವಾದರೋ ಡ್ಯಾಶ್‌ಬೋರ್ಡಿಗೆ ತೀರ ಹತ್ತಿರದಲ್ಲಿರುತ್ತದೆ. ವಯಸ್ಕನ ಎದೆಯನ್ನು ಎಣಿಸಿ ಹೂಡಿದ ಹೊಡೆತವು ಅದರ ಮುಖಕ್ಕೂ ಗಲ್ಲಕ್ಕೂ ಬೀಳುತ್ತದೆ. ಅಮೆರಿಕದಲ್ಲಿ 1990ರಿಂದ 2008ರವರೆಗೆ, ಜನ ಬದುಕಿ ಉಳಿಯಬಹುದಾಗಿದ್ದ ಮಂದಗತಿಯ ಅಪಘಾತಗಳಲ್ಲಿ, ಏರ್‌ಬ್ಯಾಗಿನ ಹೊಡೆತದಿಂದಲೇ 290ಕ್ಕೂ ಹೆಚ್ಚು ಮಂದಿ ಮೃತಪಟ್ಟರೆಂದು ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ; ಅವರಲ್ಲಿ ಚಾಲಕರಲ್ಲದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಕ್ಕಳು ಮತ್ತು ಹಸುಳೆಗಳು. ನಂತರದ ಕಾರುಗಳಲ್ಲಿ ಅದರ ಬಲವನ್ನು ತಗ್ಗಿಸಿದರು, ಮರಣಗಳು ಬಹಳವಾಗಿ ಇಳಿದವು. ಆದರೂ ಹಸುಳೆಗಳಿಗೆ ಅದು ಇಂದಿಗೂ ನಿರಪಾಯವಲ್ಲ. ನಮ್ಮಲ್ಲಿ 2021ರಿಂದ ಹೊಸ ಕಾರುಗಳಿಗೆ ಚಾಲಕನ ಪಕ್ಕದ ಆಸನದ ಮುಂದೆಯೂ ಏರ್‌ಬ್ಯಾಗು ಕಡ್ಡಾಯವಾಗಿದೆ. ವಯಸ್ಕರ ಪಾಲಿಗೆ ಅದು ಮಹೋಪಕಾರ. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಳ್ಳುವ ನಮ್ಮ ರೂಢಿ ಮಾತ್ರ ಅದರೊಡನೆ ಬದಲಾಗಿಲ್ಲ. ಮುಂದಿನ ಗಾಜಿನ ಬಳಿ ಬಿಸಿಲನ್ನು ಮರೆಮಾಡುವ ಫಲಕವನ್ನು ಕೆಳಗೆ ಮಡಚಿ ನೋಡಿದರೆ, ಮಗುವಿನ ಆಸನದ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಎಚ್ಚರಿಕೆಯೊಂದು ಇರುತ್ತದೆ. ಅದನ್ನು ಒಮ್ಮೆಯಾದರೂ ನಿಂತು ನೋಡಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಹಾಗಾದರೆ ಮಗುವನ್ನು ಹೇಗೆ ಕೂರಿಸಬೇಕು? ನಾನು ಬಾಲಕನಾಗಿದ್ದಾಗ ಕುಂಬಾರರು ಸಂತೆಗೆ ಗಡಿಗೆಗಳನ್ನು ಚಕ್ಕಡಿಯಲ್ಲಿ ತರುತ್ತಿದ್ದ ರೀತಿಯನ್ನು ನೆನೆದರೆ ಉತ್ತರ ಅಲ್ಲಿಯೇ ಇದೆ. ಗಡಿಗೆಯ ಕೊರಳಿಗೆ ಹಗ್ಗ ಬಿಗಿದು ಚಕ್ಕಡಿಯ ಗೂಟಕ್ಕೆ ಕಟ್ಟಿದ ಕುಂಬಾರನನ್ನು ನಾನು ಕಾಣೆ. ಹಾಗೆ ಕಟ್ಟಿದ್ದರೆ ಮೊದಲ ಕೊರಕಲಿನಲ್ಲಿಯೇ ಕೊರಳು ಕೈಯಲ್ಲಿ, ಒಡಲು ನೆಲದಲ್ಲಿ. ಅವರು ಕೆಳಗೆ ಹೊಟ್ಟನ್ನು ಹಾಸಿ, ಗಡಿಗೆಯ ಇಡೀ ಮೈ ಹೊಟ್ಟಿನಲ್ಲಿ ಅರ್ಧ ಹುದುಗುವಂತೆ, ಚಕ್ಕಡಿ ನುಗ್ಗುವ ದಿಕ್ಕಿನ ಕಡೆಗೆ ದಪ್ಪನೆಯ ಆಸರೆ ಇರುವಂತೆ ಮಲಗಿಸುತ್ತಿದ್ದರು. ಎತ್ತು ಮುಗ್ಗರಿಸಿ ಚಕ್ಕಡಿ ಗಕ್ಕನೆ ನಿಂತಾಗ ಗಡಿಗೆಯು ಹೊಟ್ಟಿನೊಳಕ್ಕೆ ಒತ್ತುತ್ತಿತ್ತು, ಆ ಒತ್ತಡ ಮೈಯೆಲ್ಲ ಹರಡಿ ಎಲ್ಲಿಯೂ ಬಿರುಕು ಬಿಡುತ್ತಿರಲಿಲ್ಲ. ಹಸುಳೆಯ ದೇಹವೂ ಅಂಥದೇ ಗಡಿಗೆ. ನವಜಾತ ಶಿಶುವಿನ ತಲೆಯು ಅದರ ದೇಹದ ಉದ್ದದ ನಾಲ್ಕರಲ್ಲೊಂದು ಪಾಲು. ಆ ಭಾರವನ್ನು ಹೊತ್ತ ಕೊರಳಿನ ಎಲುಬುಗಳು ಇನ್ನೂ ಮೃದ್ವಸ್ಥಿಯಿಂದ ಬೆಸೆದ ತುಣುಕುಗಳು, ಅವು ಪೂರ್ತಿ ಕೂಡಿಕೊಳ್ಳಲು ವರ್ಷಗಳು ಬೇಕು. ಶಿಶುವಿನ ಬೆನ್ನೆಲುಬಿನ ಕಂಬವು ಎರಡು ಇಂಚಿನವರೆಗೆ ಹಿಗ್ಗಬಲ್ಲುದು, ಅದರೊಳಗಿನ ನರರಜ್ಜುವಾದರೋ ಕಾಲು ಇಂಚು ಹಿಗ್ಗಿದರೆ ಹರಿದುಹೋಗುತ್ತದೆ ಎಂದು ಲೆವೆಂಥಾಲ್ ಎಂಬ ವೈದ್ಯರು 1960ರಲ್ಲಿ ಬರೆದರು. ಮುಂದಕ್ಕೆ ಮುಖ ಮಾಡಿ ಕುಳಿತ ಹಸುಳೆಯ ಭುಜಗಳನ್ನು ಪಟ್ಟಿಗಳು ಹಿಡಿದು ನಿಲ್ಲಿಸಿದಾಗ, ತಲೆಯು ಮಾತ್ರ ಮುಂದಕ್ಕೆ ಹಾರುತ್ತದೆ. ಕೊರಳಿಗೆ ಹಗ್ಗ ಕಟ್ಟಿದ ಗಡಿಗೆಯ ಗತಿಯೇ ಅದು.

ಹಿಮ್ಮುಖವಾಗಿ ಕೂರಿಸಿದರೆ, ಆಸನದ ಬೆನ್ನೇ ಕುಂಬಾರನ ಹೊಟ್ಟು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯವಿಜ್ಞಾನಿ 1960ರ ದಶಕದ ಮೊದಲರ್ಧದಲ್ಲಿ, ಅಮೆರಿಕದ ಗಗನಯಾತ್ರಿಗಳು ಒತ್ತಡವನ್ನು ಬೆನ್ನಿನಿಂದ ತಾಳಿಕೊಳ್ಳುವಂತೆ ಒರಗಿರುವುದನ್ನು ನೋಡಿ ಇದನ್ನು ಊಹಿಸಿದರು. ಆ ದೇಶದವರು ಇಂದಿಗೂ ತಮ್ಮ ಮಕ್ಕಳನ್ನು ನಾಲ್ಕು ವರ್ಷದವರೆಗೆ ಹಿಮ್ಮುಖವಾಗಿಯೇ ಕೂರಿಸುತ್ತಾರೆ. ಸರಿಯಾಗಿ ಬಳಸಿದ ಸುರಕ್ಷಾ ಆಸನವು ವರ್ಷದೊಳಗಿನ ಮಕ್ಕಳ ಮರಣವನ್ನು ನೂರಕ್ಕೆ 71ರಷ್ಟೂ, ಒಂದರಿಂದ ನಾಲ್ಕು ವರ್ಷದವರ ಮರಣವನ್ನು 54ರಷ್ಟೂ ತಗ್ಗಿಸುತ್ತದೆಂಬುದು ಅಮೆರಿಕದವರ ಗಣನೆ. ಇಷ್ಟು ಫಲ ಕೊಡುವ ಔಷಧವೊಂದು ಅಂಗಡಿಗೆ ಬಂದಿದ್ದರೆ ನಾವು ಸಾಲುಗಟ್ಟಿ ನಿಂತು ಕೊಳ್ಳುತ್ತಿರಲಿಲ್ಲವೆ?

ಆದರೆ ಈ ಹಿಮ್ಮುಖ ಆಸನವನ್ನು ಏರ್‌ಬ್ಯಾಗಿನ ಮುಂದೆ ಇರಿಸುವುದು ಸರ್ವಥಾ ಕೂಡದು. ಆಸನದ ಬೆನ್ನು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಹತ್ತಿರದಲ್ಲಿದ್ದು, ಸಿಡಿದ ಚೀಲವು ಅದನ್ನು ನೇರವಾಗಿ ಮಗುವಿನ ತಲೆಯ ಹಿಂದಿನಿಂದ ಬಡಿಯುತ್ತದೆ. ಕೆಲವು ಕಾರುಗಳಲ್ಲಿ ಆ ಒಂದು ಏರ್‌ಬ್ಯಾಗನ್ನು ಬೀಗದ ಕೈಯಿಂದ ನಿಲ್ಲಿಸಿಡುವ ಸೌಕರ್ಯ ಉಂಟು. ಅದಿಲ್ಲದ ಕಾರಿನಲ್ಲಿ ಹಸುಳೆಯ ಸ್ಥಾನ ಹಿಂದಿನ ಆಸನವೊಂದೇ. ಹಿಂದಿನ ಆಸನವೇ ಇಲ್ಲದ ಸರಕಿನ ಗಾಡಿಗಳಲ್ಲಿ, ಕುರಿ ಸಂತೆಗೆ ಬರುವ ಕುಟುಂಬಗಳು ಕೂಸುಗಳನ್ನು ಚಾಲಕನ ಪಕ್ಕದಲ್ಲಿ ಒತ್ತಿ ಕೂರಿಸಿಕೊಂಡು ಬರುವುದನ್ನು ನಾನು ನೋಡುತ್ತೇನೆ. ಆ ಬಡತನದ ಮುಂದೆ ಉಪದೇಶ ಮಾಡಲು ನನ್ನ ನಾಲಗೆ ಏಳದು. ಬಸ್ಸು ದೊರೆಯುವಲ್ಲಿ ಮಗುವನ್ನೂ ತಾಯಿಯನ್ನೂ ಬಸ್ಸಿಗೆ ಹತ್ತಿಸಿದರೆ ಒಳಿತು ಎಂದಷ್ಟೇ ಹೇಳಬಲ್ಲೆ. ಹಿಮ್ಮುಖ ಆಸನದ ಹಂತವನ್ನು ದಾಟಿದ ಮಗುವನ್ನು ಅನಿವಾರ್ಯವಾಗಿ ಮುಂದೆ ಕೂರಿಸಬೇಕಾದರೆ, ತಕ್ಕ ಸುರಕ್ಷಾ ಆಸನದಲ್ಲಿ ಬಿಗಿದು, ಕಾರಿನ ಆಸನವನ್ನು ಸಾಧ್ಯವಿದ್ದಷ್ಟೂ ಹಿಂದಕ್ಕೆ ಸರಿಸಬೇಕು.

ಐದಾರು ವರ್ಷದ ಮಕ್ಕಳ ಬಗ್ಗೆಯೂ ಒಂದು ಮಾತು. ಬೆಲ್ಟಿನ ಕೆಳಪಟ್ಟಿಯು ವಯಸ್ಕನ ಸೊಂಟದ ಎಲುಬಿನ ಎರಡು ಕೊಂಬುಗಳ ಮೇಲೆ ನೆಲೆಸುವಂತೆ ರಚಿತವಾಗಿದೆ. ಮಕ್ಕಳಲ್ಲಿ ಆ ಕೊಂಬುಗಳು ಇನ್ನೂ ಮೂಡಿರುವುದಿಲ್ಲ. ಆದ್ದರಿಂದ ಪಟ್ಟಿಯು ಹೊಟ್ಟೆಯ ಮೇಲೆ ಏರಿ ಒಳಗಿನ ಅಂಗಗಳನ್ನು ಹಿಂಡುತ್ತದೆ, ಮೇಲ್ಪಟ್ಟಿಯು ಕೊರಳನ್ನು ಕುಯ್ಯುತ್ತದೆ. ಎತ್ತರ ಸುಮಾರು 145 ಸೆಂಟಿಮೀಟರ್ ಆಗುವವರೆಗೆ ಬೂಸ್ಟರ್ ಎಂಬ ಎತ್ತರದ ಪೀಠ ಬೇಕೆನ್ನುವುದು ಇದಕ್ಕಾಗಿಯೇ.

ಅಂದು ಅಂಗಡಿಯ ಮುಂದೆ ಇಷ್ಟನ್ನೂ ಹೇಳಲಿಲ್ಲ. ಜೋಳದ ಚೀಲದ ಲೆಕ್ಕವನ್ನೂ ಗಡಿಗೆಯ ಮಾತನ್ನೂ ಹೇಳಿದೆ. ಹಿರಿಯರು ತಮ್ಮ ಕೈಗಳನ್ನೇ ಒಂದು ಕ್ಷಣ ನೋಡಿಕೊಂಡರು. ಆಮೇಲೆ ಮೊಮ್ಮಗನನ್ನು ಎತ್ತಿಕೊಂಡು ಹಿಂದಿನ ಬಾಗಿಲು ತೆರೆದು, ಬಾಣಂತನಕ್ಕೆಂದು ತವರಿಗೆ ಬಂದಿದ್ದ ತುಂಬು ಬಸುರಿ ಮಗಳ ಪಕ್ಕದಲ್ಲಿ ಅವನನ್ನು ಕೂರಿಸಿ ಬೆಲ್ಟು ಹಾಕಿದರು. ಸುರಕ್ಷಾ ಆಸನವಿಲ್ಲದ ಆ ಹೊತ್ತಿಗೆ ಅದಕ್ಕಿಂತ ಉತ್ತಮವಾದುದು ಇರಲಿಲ್ಲ. ಹುಡುಗ ಮುಂದೆಯೇ ಬೇಕೆಂದು ಅತ್ತನು; ಕರದಂಟಿನ ಒಂದು ತುಣುಕು ಬಾಯಿಗೆ ಬಿದ್ದ ಮೇಲೆ ಸುಮ್ಮನಾದನು. ನಮ್ಮ ಸೀಮೆಯಲ್ಲಿ ಐದನೆಯ ತಿಂಗಳಿನಲ್ಲಿ ಮೊಮ್ಮಗುವನ್ನು ತಂದೆಯ ಮನೆಗೆ ಕಳುಹಿಸುವಾಗ ತವರಿನವರು ತೊಟ್ಟಿಲನ್ನೂ ಗುಳೇದಗುಡ್ಡದ ಖಣದ ಕುಂಚಿಗೆಯನ್ನೂ ಕೊಡುವುದು ವಾಡಿಕೆ. ಹೊರಡುವ ಮುನ್ನ ಹಿರಿಯರು ಕಿಟಕಿಯ ಬಳಿ ಬಂದು ದನಿ ತಗ್ಗಿಸಿ ಕೇಳಿದರು: "ಹಂಗಾರ ತೊಟ್ಟಲಾ ಕೊಡೂ ಮುಂದ ಆ ಕುರ್ಚೀನೂ ಕೊಡಬೇಕಂದ್ರಿ?" ತೊಟ್ಟಿಲು ಐದನೆಯ ತಿಂಗಳಿಗೆ ಸಾಕು, ಆ ಕುರ್ಚಿ ಮಾತ್ರ ಹೆರಿಗೆಗೆ ಮುಂಚೆಯೇ ಮನೆಗೆ ಬರಲಿ, ದವಾಖಾನೆಯಿಂದ ಮನೆಗೆ ಬರುವುದೇ ಕೂಸಿನ ಮೊದಲ ಪ್ರಯಾಣ, ಎಂದೆನು.